ಕಾಕಾರ ಕಾರಿನ ಪಂಚನಾಮೆ

ಕಾಕಾರ ಎಡಗೈಯ ಉಂಗುರಬೆರಳಿನಲ್ಲಿ ಉಂಗುರವಿರಲಿಲ್ಲ. ಅದರ ಜಾಗದಲ್ಲಿ, ಬೆರಳನ್ನು ಸುತ್ತಿ ಬಂದ ಒಂದು ಬಿಳಿಯ ಸುಟ್ಟ ಗುರುತಿತ್ತು. ಹಿಂದೆ ಯಾವಾಗಲೋ ಬ್ಯಾಟರಿಯ ನಟ್ಟು ಬಿಗಿಯುವಾಗ ಕೈಯಲ್ಲಿದ್ದ ಪಾನಾ ಮತ್ತು ಮದುವೆಯ ಉಂಗುರ ಎರಡೂ ಸೇರಿ ಬ್ಯಾಟರಿಯ ಒಂದು ತುದಿಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿಬಿಟ್ಟವಂತೆ. ಉಂಗುರ ಕಣ್ಣೆದುರಿಗೇ ಕೆಂಪಗಾಯಿತು. ಬೆರಳು ಉಳಿಯಿತು, ಉಂಗುರವನ್ನು ಮಾತ್ರ ಕತ್ತರಿಸಿ ತೆಗೆಯಬೇಕಾಯಿತು. ಆಮೇಲೆ ಅವರು ಇನ್ನೊಂದು ಹಾಕಿಕೊಳ್ಳಲಿಲ್ಲ. "ಮದುವಿ ಉಂಗುರ ತಗದು ಆ ಗಾಡಿ ಕೂಡ ಲಗ್ನಾ ಮಾಡ್ಕೊಂಡಾರ," ಎಂದು ಕಾಕು ಮನೆಗೆ ಬಂದವರಿಗೆಲ್ಲ ವರದಿ ಒಪ್ಪಿಸುತ್ತಿದ್ದರು. ಕಾಕಾ ಅದನ್ನು ಅಲ್ಲಗಳೆದದ್ದನ್ನು ನಾನು ಕೇಳಿಲ್ಲ.

ಕಾಕಾ ಅಂದರೆ ನನ್ನ ಮನೆಯ ಮಾಲೀಕರು, ಕಾಕು ಅವರ ಹೆಂಡತಿ. ನಮಗೂ ಅವರಿಗೂ ರಕ್ತಸಂಬಂಧ ಏನೂ ಇಲ್ಲ. ಪುಣೆಯಲ್ಲಿ ಮೇಲಿನ ಮನೆಯ ಬಾಡಿಗೆಯವನಿಗೆ ಕೆಳಗಿನ ಮನೆಯವರು ಬೇರೆ ಏನಾಗಲು ಸಾಧ್ಯ? ವಿಜಯಪುರದ ಕಡೆಯ ಕಾಕಾ ಮಾರ್ಕೆಟ್ ಯಾರ್ಡಿನ ಒಂದು ಉಳ್ಳಾಗಡ್ಡಿ ದಲಾಲಿ ಅಂಗಡಿಗೆ ಗುಮಾಸ್ತರಾಗಿ ಬಂದು, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ನಾನು ಧಾರವಾಡದಿಂದ ಬಂದು ಮನೆ ಕೇಳಿದಾಗ ಅವರು ನನ್ನ ಜಾತಿ, ಪಗಾರ, ಊಟದ ಪದ್ಧತಿ ಯಾವುದನ್ನೂ ವಿಚಾರಿಸಲಿಲ್ಲ. ನನ್ನ ತೋಳುಗಳನ್ನು ಒಮ್ಮೆ ನೋಡಿ, "ಗಾಡಿ ದೂಕಲಿಕ್ಕೆ ಬರ್ತದೇನ್ರಿ?" ಎಂದರು.

"ಬರ್ತದ್ರಿ."

"ಹಂಗಾದ್ರ ಸಾಮಾನು ತರ್ರಿ."

ದೂಕಬೇಕಾಗಿದ್ದ ಆ ಗಾಡಿ ಕೆನೆಬಣ್ಣದ ಒಂದು ಹಳೆಯ ಕಾರು. ವಯಸ್ಸಿನಲ್ಲಿ ನನಗಿಂತ ತುಸುವೇ ಚಿಕ್ಕದು, ಗಾಂಭೀರ್ಯದಲ್ಲಿ ನನಗಿಂತ ಬಹಳ ದೊಡ್ಡದು. ಅದು ಕೆಟ್ಟಾಗ ಕಾಕಾ ಸಿಟ್ಟಾಗುತ್ತಿರಲಿಲ್ಲ. ಕೈಕಾಲು ತೊಳೆದು, ಬನಿಯನ್ನಿನ ಮೇಲೆ ಒಂದು ಅಂಗಿ ತೊಟ್ಟು ಬಂದು, "ಪಂಚನಾಮಾ ಮಾಡೂಣು," ಎನ್ನುತ್ತಿದ್ದರು. ಪಂಚನಾಮೆಗೆ ಸಾಕ್ಷಿಗಳು ಬೇಕಲ್ಲ, ಆ ಹುದ್ದೆಗೆ ನಾನು ಮತ್ತು ಕಾಕು ಕಾಯಂ ನೇಮಕವಾಗಿದ್ದೆವು. ಉಪಕರಣವೆಂದರೆ ಒಂದೇ: ಹಳೆಯ ಇಂಡಿಕೇಟರಿನ ಬಲ್ಬಿಗೆ ಎರಡು ವಾಯರ್ ಬೆಸೆದು ಮಾಡಿದ ದೀಪ. ಕಾಕಾ ಅದರ ವಾಯರುಗಳನ್ನು ಒಂದೊಂದು ಕಡೆ ಮುಟ್ಟಿಸುವುದು, ನಾವು ಕಂಡದ್ದನ್ನು ಗಟ್ಟಿಯಾಗಿ ಹೇಳುವುದು. "ದೀಪಾ ಹತ್ತೇದ್ರಿ." "ಹತ್ತಿಲ್ರಿ." ಅಂದಾಜು ಹೇಳುವುದಕ್ಕೆ ಅನುಮತಿ ಇರಲಿಲ್ಲ. "ಕಂಡದ್ದು ಹೇಳು, ತಮ್ಮಾ. ಅನಸಿದ್ದು ನಿನ್ನ ಕಡೆ ಇಟಗೋ," ಎನ್ನುತ್ತಿದ್ದರು. ಎಲ್ಲಿ ಕರೆಂಟು ನಿಂತಿದೆಯೆಂದು ಸಾಬೀತಾಗುವವರೆಗೆ ಒಂದು ನಟ್ಟನ್ನೂ ಬಿಚ್ಚುವಂತಿರಲಿಲ್ಲ, ಒಂದು ಭಾಗವನ್ನೂ ಬೈಯುವಂತಿರಲಿಲ್ಲ.

ಈ ವಿಧಾನ ಯಾವಾಗಲೂ ಫಲ ಕೊಡುತ್ತಿತ್ತೆಂದು ಬರೆದರೆ ಕಾಕಾರ ನೆನಪಿಗೆ ಅನ್ಯಾಯವಾಗುತ್ತದೆ. ಒಮ್ಮೆ ಇಡೀ ಭಾನುವಾರದ ಬೆಳಗು ಪಂಚನಾಮೆ ನಡೆದು, ಎಲ್ಲ ಕಡೆ ದೀಪ ಹತ್ತಿ, ಕೊನೆಗೆ ಟಾಕಿಯಲ್ಲಿ ಪೆಟ್ರೋಲ್ ಇಲ್ಲವೆಂಬ ಸತ್ಯ ಹೊರಬಿತ್ತು. ಕಾಕಾ ಮುಖ ಸಡಿಲಿಸದೆ, "ಕರೆಂಟಿನ ಕಡೆ ಏನೂ ದೋಷ ಇಲ್ಲ, ಇದು ಪಕ್ಕಾ ಆತು," ಎಂದು ಕಲಾಪ ಮುಗಿಸಿದರು.

ಗಾಡಿಯ ಮರುನೋಂದಣಿಯ ಕಾಲ ಬಂದದ್ದು ನಾನು ಅಲ್ಲಿಗೆ ಹೋಗಿ ಕೆಲವು ವರ್ಷಗಳಾದ ಮೇಲೆ. ಹಳೆಯ ಗಾಡಿಯನ್ನು ಆರ್‌ಟಿಒಗೆ ಒಯ್ದು ದೀಪ, ಹಾರ್ನು, ವೈಪರು, ಬ್ರೇಕು ಎಲ್ಲ ತೋರಿಸಿ ಪಾಸು ಮಾಡಿಸಬೇಕು, ಇಲ್ಲವಾದರೆ ಗುಜರಿ. ಕಾಕಾರ ಮಗ ಅದೇ ಮನೆಯಲ್ಲಿದ್ದವನು, ಸಂಭಾವಿತ. ತನ್ನ ಹೊಸ ಕಾರನ್ನು ಅವನು ಅಪ್ಪನ ಕೈಗೆ ಕೊಡುತ್ತಿರಲಿಲ್ಲ. ಅದರಲ್ಲಿ ಕೀಲಿಯ ಬದಲು ಗುಂಡಿ ಒತ್ತಬೇಕು, ಅಪ್ಪನಿಗೆ ಎಪ್ಪತ್ತು ದಾಟಿದೆ, ಪುಣೆಯ ರಸ್ತೆಗಳು ಎಂಥವೆಂದು ಎಲ್ಲರಿಗೂ ಗೊತ್ತು. "ಇದು ಪಾಸಾಗಲಿಲ್ಲಂದ್ರ ಬಿಟ್ಟಬಿಡ್ರಿ ಅಪ್ಪಾ, ಎಲ್ಲಿ ಬೇಕಲ್ಲಿ ನಾ ಕರಕೊಂಡು ಹೋಗ್ತೀನಿ," ಎಂದಿದ್ದ. ಒಳ್ಳೆಯ ಮಾತೇ. ಹಿಂದಿನ ಸಂಜೆ ಗಾಡಿ ಒರೆಸುತ್ತ ಕಾಕಾ ನನಗೆ ಹೇಳಿದರು: "ಇದು ಹೋದ್ರ ನಾನು ಹಿಂದಿನ ಸೀಟು, ತಮ್ಮಾ. ಕೊತ್ತಂಬರಿ ತರಬೇಕಂದ್ರೂ ಯಾರಿಗಾದ್ರೂ ವ್ಯಾಳ್ಯಾ ಅದ ಏನು ಅಂತ ಕೇಳಬೇಕು."

ಮರುದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಗಾಡಿ ಸತ್ತಿತು. ಕೀಲಿ ಅರ್ಧ ತಿರುಗಿಸಿದರೆ ಎದುರಿನ ಕೆಂಪು ದೀಪ ಹತ್ತುತ್ತಿತ್ತು. ಪೂರ್ತಿ ತಿರುಗಿಸಿದರೆ ಒಂದು ಸಣ್ಣ ಟಿಕ್ ಸದ್ದು, ಆಮೇಲೆ ಕತ್ತಲೆ. ಹಾರ್ನಿಲ್ಲ, ದೀಪವಿಲ್ಲ. ಎದುರುಮನೆಯ ಮರಾಠಿ ಅಜ್ಜ, ಎಲ್ಲರ ಆಜೋಬಾ, ಗೇಟಿನ ಹತ್ತಿರ ಬಂದು, "ಬ್ಯಾಟರೀ ಗೇಲೀ, ಕಾಕಾ," ಎಂದು ಬ್ಯಾಟರಿಗೆ ಶ್ರದ್ಧಾಂಜಲಿ ಅರ್ಪಿಸಿದರು. ಮಗ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ.

ಬನಿಯನ್ನಿನಲ್ಲೇ ಗಾಡಿ ಚಾಲೂ ಮಾಡಲು ಬಂದಿದ್ದ ಕಾಕಾ ಒಳಗೆ ಹೋಗಿ ಅಂಗಿ ತೊಟ್ಟರು. ಕಾಕುವನ್ನು ಸ್ಟೇರಿಂಗಿನ ಮುಂದೆ ಕೂಡಿಸಿ ಕೀಲಿ ತಿರುಗಿಸುವ ಕೆಲಸ ಕೊಟ್ಟರು. ನಾನು ಬಾನೆಟ್ಟಿನ ಕೆಳಗೆ ದೀಪ ಹಿಡಿದೆ. ಬ್ಯಾಟರಿಯ ಎರಡು ತುದಿಗಳಿಗೇ ವಾಯರ್ ಮುಟ್ಟಿಸಿದಾಗ ಬಲ್ಬು ಝಗ್ಗೆಂದು ಹತ್ತಿತು.

"ತಿರವು," ಎಂದರು ಕಾಕಾ.

ಕಾಕು ತಿರುವಿದರು. ಟಿಕ್. ಬಲ್ಬು ಅಳುಕಲಿಲ್ಲ.

"ಹತ್ತೇದ್ರಿ, ಹಂಗ ಅದ," ಎಂದೆ.

"ಬ್ಯಾಟರಿ ನಿರಪರಾಧಿ," ಎಂದು ಕಾಕಾ ಎದುರುಮನೆಯ ಕಡೆ ನೋಡಿ ಘೋಷಿಸಿದರು. ಆಮೇಲೆ ಒಂದು ವಾಯರನ್ನು ಬ್ಯಾಟರಿಯ ಮೇಲೆಯೇ ಬಿಟ್ಟು, ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿದರು. ಬಲ್ಬು ಹತ್ತಿತು. ಕಾಕು ಕೀಲಿ ತಿರುವಿದ ಕ್ಷಣ ಆರಿತು.

"ಆರೇದ್ರಿ."

ಕಾಕಾರ ಮುಖ ಮೊದಲ ಸಲ ಸಡಿಲಾಯಿತು. "ಹೋಗೂದು ಬರೋಬ್ಬರಿ ಹೋಗೇದ," ಎಂದು ಮೆಲ್ಲಗೆ ಹೇಳಿದರು. "ತಿರುಗಿ ಬರೂ ಹಾದಿ ಯಾರೋ ಕಟ್ಟ್ಯಾರ."

ಕರೆಂಟು ಬ್ಯಾಟರಿಗೆ ವಾಪಸು ಬರುವ ಹಾದಿಯೆಂದರೆ ಒಂದು ದಪ್ಪನೆಯ ಕಪ್ಪು ಪಟ್ಟಿ. ಅದು ಬ್ಯಾಟರಿಯ ಹಿಂದೆ ಗಾಡಿಯ ಮೈಗೆ ಒಂದು ಬೋಲ್ಟಿನಿಂದ ಬಿಗಿದಿರುತ್ತದೆ. ನಾವಿಬ್ಬರೂ ಬಗ್ಗಿ ನೋಡಿದೆವು. ಬೋಲ್ಟು ಕಾಣಲಿಲ್ಲ. ಅದರ ಜಾಗದಲ್ಲಿ ಕುಂಕುಮ, ಅರಿಷಿಣ, ಗಂಧ ಒಂದರ ಮೇಲೊಂದು ಒಣಗಿ ಗಟ್ಟಿಯಾದ ಒಂದು ಪುಟ್ಟ ಗುಡ್ಡವಿತ್ತು. ಗುಡ್ಡದ ಬುಡದಲ್ಲಿ ಹಸಿರು ಬೂಷ್ಟಿನಂತೆ ಕಿಲುಬು.

ನನಗೆ ಕೂಡಲೇ ಅರ್ಥವಾಯಿತು. ಪ್ರತಿ ವರ್ಷ ದಸರೆಯಲ್ಲಿ ಖಂಡೇನವಮಿಯ ಆಯುಧಪೂಜೆಯ ದಿನ ಕಾಕು ಗಾಡಿಗೆ ಪೂಜೆ ಮಾಡುತ್ತಿದ್ದರು, ಬಾನೆಟ್ ತೆರೆಸಿ ಒಳಗೂ ಮಾಡುತ್ತಿದ್ದರು. ಒಳಗೆ ಎಲ್ಲವೂ ಜಿಡ್ಡು, ಇಲ್ಲವೇ ರಬ್ಬರು. ನೆಟ್ಟಗೆ ನಿಂತ ಆ ಬೋಲ್ಟೊಂದೇ ಕುಂಕುಮ ಹಚ್ಚಿಸಿಕೊಳ್ಳಲು ಯೋಗ್ಯವಾಗಿ, ಸಣ್ಣ ದೇವರ ಹಾಗೆ ಕಾಣುತ್ತಿತ್ತು. ಕುಂಕುಮದ ಮೇಲೆ ಅರ್ಧ ಲಿಂಬಿಹಣ್ಣು ಹಿಂಡುತ್ತಿದ್ದರು. ವರ್ಷವಿಡೀ ಗಾಡಿ ಕೈಕೊಡದಿರಲಿ ಎಂದು ಬೇಡಿಕೊಂಡು, ಆ ಬೇಡಿಕೆಯನ್ನು ಹುಳಿ ಸಮೇತ ಕರೆಂಟಿನ ಹಾದಿಗೇ ಸುರಿಯುತ್ತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ತುಟಿಯ ಮೇಲೆ ಬೆರಳಿಟ್ಟರು. ತೆರೆದ ಬಾನೆಟ್ ಅಡ್ಡವಿದ್ದುದರಿಂದ ಕಾಕುವಿಗೆ ನಾವು ಕಾಣುತ್ತಿರಲಿಲ್ಲ.

"ಏನಾತ್ರಿ?" ಎಂದು ಕಾಕು ಒಳಗಿನಿಂದ ಕೇಳಿದರು.

"ತುಕ್ಕು ಹಿಡದದ."

"ಎಲ್ಲಿ?"

"ಭಾಳ ಒಳಗ."

ನಾನು ಪಿಸುದನಿಯಲ್ಲಿ, "ಕಂಡದ್ದು ಹೇಳಬೇಕಲ್ರಿ ಕಾಕಾ," ಎಂದೆ.

"ಪೂಜಿ ತಾಟು ಹಿಡಕೊಂಡು ನಿಂದರಾಂವ ನಾನ," ಎಂದು ಅವರೂ ಪಿಸುಗುಟ್ಟಿದರು. "ಮಂಗಳಾರತಿ ಹಾಡಾಂವ ನೀ. ಮೂರೂ ಮಂದಿನ್ನ ಒಳಗ ಹಾಕಬೇಕಾಗ್ತದ. ಸುಮ್ಮನ ಪಾನಾ ಕೊಡು."

ಬೋಲ್ಟು ಬಿಚ್ಚುವ ಮೊದಲು ಅವರು ಗುಡ್ಡವನ್ನು ಹೆಬ್ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ತಮಾಷೆಗೋ ಭಕ್ತಿಗೋ ನಾನು ಕೇಳಲಿಲ್ಲ. ಆಮೇಲೆ ಪಟ್ಟಿಯ ತುದಿಯನ್ನೂ ಅದರಡಿಯ ತಗಡನ್ನೂ ಪಾಲಿಶ್ ಪೇಪರಿನಿಂದ ಕನ್ನಡಿಯಾಗುವ ತನಕ ತಿಕ್ಕಿ, ಮತ್ತೆ ಬಿಗಿದು, "ತಿರವು," ಎಂದರು.

ಗಾಡಿ ಒಂದೇ ಏಟಿಗೆ ಎದ್ದಿತು. ಹಾರ್ನು ಎಂದೂ ಕೇಳದಷ್ಟು ಜೋರಾಗಿ ಕೂಗಿ ಎದುರುಮನೆಯ ಆಜೋಬಾರನ್ನು ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿಸಿತು.

ಕಾಕು ಕೆಳಗಿಳಿದು ಬಂದರು. ಪಾಲಿಶ್ ಪೇಪರನ್ನು ನೋಡಿದರು. ಅದು ಕೆಂಪಾಗಿತ್ತು. ಗಂಡನ ಹೆಬ್ಬೆರಳನ್ನು ನೋಡಿದರು. ಅದೂ ಕೆಂಪಾಗಿತ್ತು.

"ಭಾಳ ಒಳಗ, ಹೌದಲ್ಲ?" ಎಂದರು.

ಕಾಕಾ ಬಾನೆಟ್ ಮುಚ್ಚುವುದರಲ್ಲಿ ಅತ್ಯಂತ ಮಗ್ನರಾದರು.

"ಇಷ್ಟು ವರ್ಷ ತಾಟು ಹಿಡಕೊಂಡು ನಿಂತೀರಿ. ಕಾಣಸಲಿಲ್ಲೇನು ನಿಮಗ?"

"ನೀ ಆರತಿ ಮಾಡೂ ಮುಂದ ನಾನು ಕಣ್ಣು ಮುಚ್ಚಿರ್ತೀನಿ," ಎಂದರು ಕಾಕಾ.

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಗುತ್ತಿದ್ದರೆಂದು ಹೆಗಲು ನೋಡಿದರೆ ಗೊತ್ತಾಗುತ್ತಿತ್ತು. ಮುಂದಿನ ದಸರೆಯಿಂದ ಕುಂಕುಮ ಬಾನೆಟ್ಟಿನ ಮೇಲಷ್ಟೇ ಬಿತ್ತು. ಆ ಬಗ್ಗೆ ಮನೆಯಲ್ಲಿ ಚರ್ಚೆ ನಡೆದ ಸದ್ದು ಮೇಲಿನ ಮನೆಯವರೆಗೆ ಬರಲಿಲ್ಲ.

ಆರ್‌ಟಿಒದಲ್ಲಿ ಸಾಹೇಬರು ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಎಲ್ಲ ದೀಪ ಹಚ್ಚಿಸಿ, ಆರಿಸಿ, "ಛಾನ್ ಠೇವಲೀಯ ಗಾಡೀ, ಕಾಕಾ," ಎಂದು ಮೆಚ್ಚಿದರು. ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂಬ ಆ ಮಾತನ್ನು ಕಾಕಾ ಬಡ್ತಿಯ ಆದೇಶದಂತೆ ತಲೆಬಾಗಿ ಸ್ವೀಕರಿಸಿದರು. ಗಾಡಿಗೆ ಇನ್ನೂ ಐದು ವರ್ಷ ಸಿಕ್ಕಿತು. ವಾಪಸು ಬರುವಾಗ ಕಾಕಾ ಮನೆಯ ತಿರುವನ್ನು ಬಿಟ್ಟು ನೇರ ನಡೆಸಿದರು. ಎಲ್ಲಿಗೆಂದು ಕೇಳಿದರೆ, "ನೋಡೂಣು," ಎಂದರು. ಬಾರಾಮತಿಯ ದಿಕ್ಕಿನಲ್ಲಿ ಬಹಳ ದೂರ ಹೋಗಿ, ಕಬ್ಬಿನ ಹಾಲು ಕುಡಿದು, ಏನೂ ಕೆಲಸವಿಲ್ಲದೆ ತಿರುಗಿ ಬಂದೆವು. ಆಫೀಸಿನಲ್ಲಿ ನನ್ನ ಅರ್ಧ ದಿನದ ರಜೆ ಪೂರ್ತಿ ದಿನದ್ದಾಯಿತು.

ನನಗೆ ಆಮೇಲೆ ಮದುವೆಯಾಯಿತು. ಮನೆಯಲ್ಲಿ ಏನಾದರೂ ಕೆಟ್ಟಾಗ, ಯಾರಿಂದ ಕೆಟ್ಟಿತೆಂದು ಗೊತ್ತಾದ ಮೇಲೂ ಬಾನೆಟ್ಟಿನ ಮರೆಯಲ್ಲೇ ಕೆಲಸ ಮುಗಿಸುವುದನ್ನು ನಾನು ಕಾಕಾರಿಂದ ಕಲಿತೆ. ಈ ವಿದ್ಯೆಯಿಂದ ನನ್ನ ಸಂಸಾರಕ್ಕೆ ಆಗಿರುವ ಉಪಕಾರ ದೊಡ್ಡದು. ನನ್ನ ಹೆಂಡತಿ ಅದನ್ನು ನನ್ನ ಮೇಲೆ ಪ್ರಯೋಗಿಸುತ್ತಿರುವುದೂ ನನಗೆ ಗೊತ್ತಿದೆ.

ಐದು ವರ್ಷವನ್ನು ಕಾಕಾ ಪೂರ್ತಿ ಬಳಸಲಿಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಚಹಾಕ್ಕೆ ಏಳಲಿಲ್ಲ. ಕಾಕು ಅತ್ತು ಮುಗಿಸಿದ ಮೇಲೆ ಕಾಕಾ ತೊಟ್ಟಿದ್ದ ಅಂಗಿಯ ಜೇಬಿಗೆ ಕೈಹಾಕಿ ಗಾಡಿಯ ಕೀಲಿ ತೆಗೆದರು. ಮನೆಯಲ್ಲಿ ಇರುವಾಗ ಅವರು ಅಂಗಿ ತೊಡುವವರಲ್ಲ. ಕೀಲಿಯನ್ನು ಅಂಗೈಯಲ್ಲಿ ತುಸು ಹೊತ್ತು ಹಿಡಿದುಕೊಂಡು ಕಾಕು ನನಗೆ ಹೇಳಿದರು:

"ಸಂಜೀಕ ಎಲ್ಲೋ ಹೊಂಟಿದ್ರು ನೋಡು. ನನಗೂ ಹೇಳಿಲ್ಲ."