ಎಂಜಿನ್ ಮುಂದಿನ ಕುಂಬಳಕಾಯಿ

ಬಾಬು ಜಾನ್‌ಗೆ ಬುದ್ಧಿ ಯೋಳಿದೋರೆಲ್ಲ ದೊಡ್ಡೋರೇ ಕಣಪ್ಪ. ಅದ ನೆನುಸ್ಕಂಡ್ರೆ ಈಗ್ಲೂ ಮೈ ಉರೀತದೆ.

ಮಂಡ್ಯದ ಸಾವ್ಕಾರ್ರು ಸೇರ್ಕಂಡು ಮದ್ದೂರಲ್ಲಿ ಅಕ್ಕಿ ಮಿಲ್ಲು ಕಂಪನಿ ಮಾಡಿದ್ರು. ನಾನು ಚಿಕ್ಕಬೋರಯ್ಯ, ಬಾಯ್ಲರಿಗೆ ಹೊಟ್ಟು ತುಂಬೋನು. ಬಾಬು ಎಂಜಿನ್ ನೋಡ್ಕಳೋನು. ಇಡೀ ಮಿಲ್ಲಿಗೆ ಅವನೊಬ್ಬನೇ ಸಾಬ್ರು. ಎರಡ್ನೇ ಮಹಾಯುದ್ಧ ಸುರುವಾದ ವರ್ಸ ಮುದುಕ ಮೇಸ್ತ್ರಿ ಕೆಲಸ ಬುಟ್ಟ. ಆ ಜಾಗ ಬಾಬುಗೇ ಅಂತ ನಾವೆಲ್ಲ ಅಂದ್ಕಂಡಿದ್ದೋ.

ನಮ್ಮಲ್ಲೊಂದು ಪದ್ಧತಿ. ಆಯುಧಪೂಜೆ ದಿನ ಎಂಜಿನ್ ಮುಂದೆ ಬೂದುಗುಂಬಳ ಒಡೆದು, ಎಂಜಿನ್ ಸುರು ಮಾಡಿದೋನೇ ಆ ವರ್ಸದ ಮೇಸ್ತ್ರಿ. ಸಾವ್ಕಾರ್ರು ಅಲ್ಲೇ ಅವನಿಗೆ ಶಲ್ಯ ಹೊದಿಸೋರು.

ಹಬ್ಬಕ್ಕೆ ಮುಂಚೆ ಬಾಬು ಸೋದರಮಾವ ಅಕ್ರಂ ಪಾಷಾ ಮಳವಳ್ಳಿಯಿಂದ ಬಂದ್ರು. ಪೊಲೀಸ್ ದಫೇದಾರ್ರಾಗಿ ರಿಟೈರಾದೋರು. "ನೌಕರೀಲಿ ನಾನು ಕಲ್ತದ್ದು ಇಷ್ಟೇ ಬೇಟಾ. ನಮ್ಮೋನು ಒಬ್ಬನೇ ಇರೋ ಕಡೆ ಮುಂದಕ್ಕೆ ನುಗ್ಗಬಾರ್ದು. ಅವರ ಪೂಜೇಲಿ ನೀನ್ಯಾಕೆ ಅಡ್ಡ ನಿಲ್ತೀಯ? ಕೆಲಸ ನೋಡಿ ಅವರೇ ಕರೀತಾರೆ" ಅಂದ್ರು.

ಬಾಬು ಎಂಜಿನ್ನ ಫಳಫಳ ಅನ್ನಂಗೆ ಒರೆಸಿಟ್ಟು ಹಬ್ಬದ ದಿನ ಮನೇಲೇ ಉಳ್ಕಂಡ. ಅವನ ಕೈಕೆಳಗೆ ಕೆಲಸ ಕಲ್ತ ಪುಟ್ಟರಾಜು ಕುಂಬಳಕಾಯಿ ಒಡೆದು ಎಂಜಿನ್ ಸುರು ಮಾಡಿದ. ಶಲ್ಯ ಪುಟ್ಟರಾಜುಗೇ ಬಿತ್ತು. ಮಾರನೇ ದಿನ ಬಾಬು ಕೇಳಿದ್ದಕ್ಕೆ ಮ್ಯಾನೇಜರು, "ನೀನೇ ಬರಲಿಲ್ಲವಲ್ಲಪ್ಪ! ಇದು ಎಲ್ಲರ ಹಬ್ಬ. ನೀವೇ ದೂರ ನಿಂತರೆ ನಾವೇನು ಮಾಡೋದು? ಮುಂದಿನ ವರ್ಷ ಮುಂದೆ ಬಂದು ನಿಲ್ಲು, ನೋಡೋಣ" ಅಂದ. ಎಷ್ಟು ನಯವಾಗಿ ಅಂದ, ಅವನ ಬಾಯಿಗೆ ಮಣ್ಣಾಕ!

ಬಾಬು ಹಲ್ಲುಕಚ್ಕಂಡು ಪುಟ್ಟರಾಜು ಕೈಕೆಳಗೆ ದುಡಿದ. ವರ್ಸ ತಿರುಗಿ ಹಬ್ಬ ಬಂತು. ಎಲ್ಲಾರ್ಗಿಂತ ಮೊದಲೇ ಬಂದೋನು ಅವನೇ. ಒಗೆದ ಅಂಗಿ, ತಲೆಗೆ ಟೋಪಿ, ಕೈಲಿ ತಾನೇ ಸಂತೇಲಿ ಆರಿಸಿ ತಂದ ಬೂದುಗುಂಬಳ. ಎಂಜಿನ್ ಎದುರಿಗೇ ನಿಂತ. ಸಾವ್ಕಾರ್ರು ಮ್ಯಾನೇಜರ ಮುಖ ನೋಡಿದ್ರು. ಅವನು ಬಾಬು ಹತ್ರ ಬಂದು ಮೆಲ್ಲಗೆ, "ನಿಮಗ್ಯಾಕಪ್ಪ ಇದೆಲ್ಲ? ಪೂಜೆ ಮುಗಿಯೋವರೆಗೆ ಆಚೆ ನಿಂತಿರು" ಅಂದ.

"ನೀವೇ ಯೋಳಿದ್ರಲ್ಲ ಸ್ವಾಮಿ?" ಅಂದ ಬಾಬು.

ಮ್ಯಾನೇಜರು ಪುಟ್ಟರಾಜುನ ಮುಂದಕ್ಕೆ ಕರೆದ. ನಂಗೆ ರೇಗೋಯ್ತು. "ಹೋದ್ವರ್ಸ ಬರ್ಲಿಲ್ಲ ಅಂತ ತಾನೇ ಮೇಸ್ತ್ರಿ ಕೆಲಸ ತಪ್ಪಿಸಿದ್ದು!" ಅಂತ ಕೂಗ್ದೆ.

"ನಿನ್ನ ಹೊಟ್ಟು ನೀನು ನೋಡ್ಕೊಳ್ಳಯ್ಯ" ಅಂದ ಮ್ಯಾನೇಜರು.

ಬಾಬು ಕುಂಬಳಕಾಯಿನ ನನ್ನ ಕೈಗಿಟ್ಟ. "ಇದ ಪುಟ್ಟರಾಜುಗೆ ಕೊಡು ಬೋರಣ್ಣ. ಎಂಜಿನ್ನಿಗೆ ಎಣ್ಣೆ ಬುಟ್ಟಿವ್ನಿ, ಸಲೀಸಾಗಿ ತಿರುಗ್ತದೆ" ಅಂದು ಆಚೆಗೋದ.