ಸೂರ್ಯನ ಮೇಲಿನ ಎರಡು ಬಿಳಿ ಕಿಡಿ

ನಾನು ನೋಡಿದ್ದೆ. ನೋಡಿಯೂ ಏನೂ ಕಾಣಲಿಲ್ಲವೆಂದು ಮಕ್ತುಮಸಾಬರಿಗೆ ಸುಳ್ಳು ಹೇಳಿದೆ.

ಐವತ್ತರ ದಶಕದ ಕೊನೆಯ ಮಾತು. ಸಿಂದಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ, ಮಕ್ತುಮಸಾಬರು ಚಿತ್ರಕಲೆಯ ಮಾಸ್ತರರು. ನನ್ನ ಸಣ್ಣ ದುರ್ಬೀನಿನಿಂದ ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಅದರೊಳಗಿನ ಕಪ್ಪು ಕಲೆಗಳನ್ನು ದಿನಾಲೂ ಬರೆದಿಡುತ್ತಿದ್ದೆವು. ಪೆನ್ಸಿಲ್ಲು ಅವರ ಕೈಯಲ್ಲಿ, ಗಡಿಯಾರ ನನ್ನ ಕೈಯಲ್ಲಿ. ಅಷ್ಟು ಸುಖದ ಹೊತ್ತು ನನ್ನ ಆಯುಷ್ಯದಲ್ಲಿ — ಬಹುಶಃ ಮತ್ತೊಂದಿಲ್ಲ.

ಒಂದು ಮಧ್ಯಾಹ್ನ ಅವರು ಒಮ್ಮೆಲೇ ಬೆರಳು ಮಾಡಿದರು. ಬಗ್ಗಿ ನೋಡಿದೆ. ದೊಡ್ಡ ಕಲೆಯ ಮಗ್ಗುಲಲ್ಲಿ ಎರಡು ಕಿಡಿ, ಸುತ್ತಲಿನ ಬಿಂಬಕ್ಕಿಂತಲೂ ಬೆಳ್ಳಗೆ. ನಾಲ್ಕೈದು ನಿಮಿಷ... ಆಮೇಲೆ ಇಲ್ಲ.

"ನೋಡಿದ್ರೇನ್ರಿ ಮಾಸ್ತರ?"

"ಏನೂ ಇಲ್ಲರಿ. ನಿಮ್ಮ ಕಣ್ಣಿಗೆ ಬಿಸಲಿನ ಝಳಾ ಹತ್ತೇತಿ."

ಯಾಕೆ ಹಾಗಂದೆ? ಅಂಥದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ — ಅಲ್ಲ, ಖರೆ ಕಾರಣ ಬೇರೆ. ವಿಜ್ಞಾನ ನನ್ನದು, ದುರ್ಬೀನು ನನ್ನದು. ಮೊದಲು ಕಂಡದ್ದು ಮಾತ್ರ ಅವರಿಗೆ.

ಅವರು ನನ್ನನ್ನು ನಂಬಿದರು. ಬರೆದ ಕಿಡಿಗಳನ್ನು ತಾವೇ ರಬ್ಬರಿನಿಂದ ತಿಕ್ಕಿ ಅಳಿಸಿದರು. ವಿಜಾಪುರಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಯಾವ ದೋಷವೂ ಇಲ್ಲವೆಂದು ಡಾಕ್ಟರು ಹೇಳಿದರೂ ದುರ್ಬೀನಿನ ಹತ್ತಿರ ಮತ್ತೆ ಸುಳಿಯಲಿಲ್ಲ. ಮುಂದೆ ಬಾಗೇವಾಡಿಗೆ ವರ್ಗವಾಗಿ ಹೋದರು.

ಸುಮಾರು ಹತ್ತು ವರ್ಷದ ಮೇಲೆ ಒಂದು ಮಾಸಿಕದಲ್ಲಿ ಓದಿದೆ. ಸೂರ್ಯನ ಮೈಗೆ ಹತ್ತಿಕೊಂಡ ವಾತಾವರಣದಲ್ಲಿ ನಿಮಿಷಗಳಲ್ಲೇ ಹುಟ್ಟಿ ಆರಿಹೋಗುವ ಉರಿಗಳಿವೆಯಂತೆ. ಅವನ್ನು ಹಿಡಿಯಲೆಂದೇ ಉಪಗ್ರಹಗಳಲ್ಲಿ ಉಪಕರಣ ಇಟ್ಟು ಹಾರಿಸುತ್ತಿದ್ದಾರಂತೆ. ಅಪರೂಪಕ್ಕೊಮ್ಮೆ ಸಾದಾ ದುರ್ಬೀನಿಗೂ ಕಾಣುವುದುಂಟಂತೆ. ಮರುದಿನವೇ ಬಾಗೇವಾಡಿಯ ಬಸ್ಸು ಹತ್ತಿದೆ.

ಎಲ್ಲವನ್ನೂ ಹೇಳಿದೆ. ನಿಧಾನಕ್ಕೆ ಅವರ ಮುಖ ಅರಳಿತು.

"ಹಂಗಾರ ನನ್ನ ಕಣ್ಣು ಚಲೋನ ಇದ್ದೂ!" ಒಳಗಿದ್ದ ಹೆಂಡತಿಯನ್ನು ಕೂಗಿದರು, "ಕೇಳಿದೇನ? ನಾ ಕಂಡಿದ್ದು ಖರೇನ ಇತ್ತಂತ!"

ಸಿಟ್ಟಾಗಲಿಲ್ಲ. ಉಣಿಸದೆ ಕಳಿಸಲೂ ಇಲ್ಲ.

ಈಗ ರವಿವಾರಕ್ಕೊಮ್ಮೆ ದುರ್ಬೀನು ತೆಗೆದುಕೊಂಡು ಅವರ ಮನೆಗೆ ಹೋಗುತ್ತೇನೆ. ಮಾಳಿಗೆಯ ಮೇಲೆ ಕಾಗದ ಹಾಸಿ ಕೂಡುತ್ತೇವೆ, ಚಹಾ ಬರುತ್ತದೆ, ನಗುತ್ತೇವೆ. ಸುಖವಾಗಿಯೇ ಇದ್ದೇವೆ. ಆದರೆ ಹೊಸ ಕಲೆಯೊಂದು ಕಂಡರೆ ಮಕ್ತುಮಸಾಬರ ಪೆನ್ಸಿಲ್ಲು ಇಂದಿಗೂ ಕಾಗದದ ಮೇಲೆ ಅರೆಗಳಿಗೆ ನಿಲ್ಲುತ್ತದೆ.

"ನಿಮಗೂ ಕಾಣತೈತೇನ್ರಿ ಮಾಸ್ತರ?" ಎಂದು ಕೇಳುತ್ತಾರೆ.

ಹಾಗೆ ಕೇಳುವುದನ್ನು ಅವರಿಗೆ ಕಲಿಸಿದವನು ನಾನು.