ಹಳ್ಳಕ್ಕೆ ಬಿಟ್ಟ ಹೆಜ್ಜೆಗಳು

ನಾಲ್ಕು ವರ್ಷದ ಹಿಂದಿನ ಮಾತು. ಸೈಕಲ್ ಮೇಲೆ ಕರಿಬೇವಿನ ಸಸಿ ಮಾರುತ್ತ ಶುರು ಮಾಡಿದ ನಾನು ಆಗಲೇ ಶಹಾಪುರದಲ್ಲಿ ಸ್ವಂತ ನರ್ಸರಿ ಇಟ್ಟಿದ್ದೆ. ಹಳ್ಳ, ಹೊಳೆಗಳ ದಂಡೆ ಕೊಚ್ಚಿಹೋಗದಂತೆ ಗಿಡ ಹಚ್ಚಿಕೊಡುವ ಗುತ್ತಿಗೆಯನ್ನೂ ಹಿಡಿಯುತ್ತಿದ್ದೆ. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರು ಸುರಪುರದ ಸಂತೆಯಲ್ಲೂ ಕಡಿಮೆ. ಆ ಜಾಣತನವೇ ಒಬ್ಬಾಕೆಯ ಹೊಲ ತಿಂದಿತು.

ದೇವಾಪುರದ ಹತ್ತಿರ, ಗುಡ್ಡದಿಂದ ಇಳಿದು ಕೃಷ್ಣೆಯ ಕಡೆ ಓಡುವ ಹಳ್ಳದ ದಂಡೆಗೆ ಮಲ್ಲಮ್ಮನ ಒಂದೂವರೆ ಎಕರೆ. ಬದನೆ ಬೆಳೆದು, ತಾನೇ ಬುಟ್ಟಿ ಹೊತ್ತು ಸುರಪುರದಲ್ಲಿ ಮಾರುವಾಕೆ. ಪ್ರತಿ ಮಳೆಗಾಲ ಹಳ್ಳ ಅವಳ ದಂಡೆಯನ್ನು ಒಂದಿಷ್ಟು ಕಡಿಯುತ್ತಿತ್ತು. “ಹಿಂಗ ಬಿಟ್ರ ನಾ ಬದನಿ ಹಾಸಿಗಿ ಮ್ಯಾಲ ಹಚ್ಚಬೇಕಾಗ್ತದ ಅಣ್ಣಾ,” ಎಂದು ನನ್ನನ್ನು ಕರೆಸಿದಳು.

ದಂಡೆಯ ಪೊದೆ ಸವರಿ ತೇಗ ಹಚ್ಚುವುದೆಂದು ನಾನು ಲೆಕ್ಕ ಹಾಕಿದ್ದೆ. ನರ್ಸರಿಯಲ್ಲಿ ತೇಗ ಉಳಿದಿತ್ತು, ನಿಜ ಹೇಳಬೇಕಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಭೀಮಣ್ಣ ನಕ್ಕ. “ಹಳ್ಳ ತೇಗದ ರೇಟು ಕೇಳಂಗಿಲ್ರಿ ಸಾವ್ಕಾರ್ರ. ಮ್ಯಾಲ ಬರ್ರಿ, ಕೊಡಲಿ ಬೀಳದ ಜಾಗ ತೋರಸ್ತೀನಿ.”

ಅರ್ಧ ತಾಸು ಹಳ್ಳದ ಗುಂಟ ಏರಿದೆವು. ಮೊದಲ ಮಳೆ ಬಿದ್ದು ನೀರು ಹರಿಯತೊಡಗಿತ್ತು. ಬಂಡೆಗಳ ತಿರುವು ದಾಟಿದ್ದೇ ಬಿಸಿಲು ಹಸಿರಾಯಿತು. ನೀರಿನೊಳಗೇ ಕಾಲಿಟ್ಟು ನಿಂತಿತ್ತು ನೀರುಕಣಗಿಲೆ, ಹರಿವು ಎಳೆದ ಕಡೆ ಬಾಗುವ ಪೊದೆ. ಅದರ ಹಿಂದೆ ಲಕ್ಕಿ, ನೀಲಿ ಹೊಗೆಯಂಥ ಹೂವು. ಅದರ ಹಿಂದೆ ಹೊಳೆಮತ್ತಿಗಳು, ಸುಣ್ಣ ಬಳಿದಂಥ ಬೊಡ್ಡೆ, ದಂಡೆಯನ್ನು ಬಾಚಿ ತಬ್ಬಿದ ಬೇರು. ಇನ್ನೂ ಮೇಲೆ, ನಮ್ಮ ಕಡೆ ಹುಲಗಲ ಎನ್ನುವ ಹೊಂಗೆ. ಉದುರಿದ ಹೂವು ನೆಲವನ್ನೇ ಮರೆಸಿತ್ತು. ಯಾರೂ ಹಚ್ಚಿದ್ದಲ್ಲ, ಆದರೂ ಒಂದೊಂದೂ ತನ್ನ ಜಾಗದಲ್ಲಿ. ಅರಣ್ಯ ಇಲಾಖೆಯವರು ಇದಕ್ಕೆ ರೈಪೇರಿಯನ್ ಪಟ್ಟಿ, ಅಂದರೆ ನೀರಂಚಿನ ಗಿಡಗಳ ಪಟ್ಟಿ, ಎನ್ನುತ್ತಾರೆ. ಎಲೆಗಳ ನೆರಳು ನೀರಿನ ಮೇಲೆ, ನೀರಿನ ಬೆಳಕು ಎಲೆಗಳ ಕೆಳಗೆ ಆಡುತ್ತಿತ್ತು. ಕುರಿಗಳ ಗಂಟೆ ಬೇರೆ ಯಾವುದೋ ಊರಿನಿಂದ ಕೇಳಿದಂತಿತ್ತು. ಎಷ್ಟು ಹೊತ್ತು ನಿಂತೆನೋ. ಕೊನೆಗೆ ಕಸುಬು ಎಚ್ಚರಾಯಿತು. ನೀರಿನಂಚಿನಿಂದ ಕೊನೆಯ ಹುಲಗಲದವರೆಗೆ ಹೆಜ್ಜೆ ಹಾಕಿ ಅಳೆದೆ. ಹತ್ತು.

ಮರಳಿ ಬಂದು ಮಲ್ಲಮ್ಮನಿಗೆ ಹೇಳಿದೆ: ಹೊಲ ಉಳಿಯಬೇಕಾದರೆ ದಂಡೆಗುಂಟ ಹತ್ತು ಹೆಜ್ಜೆ ಅಗಲ ಗಿಡಗಳಿಗೆ ಬಿಡಬೇಕು.

“ಹತ್ತಾ? ಹಳ್ಳ ತಿನ್ನೂಕಿಂತ ಮೊದಲ ನೀನ ತಿಂತಿಯೇನು? ಮೂರು ತಗೋ.”

“ಎಂಟಕ್ಕ ಬಾ ಅಕ್ಕಾ.”

“ನಾಕು. ಬದನಿ ಬೆಳಿಯೋ ನೆಲ ಅದ, ಬೀಗರ ಅಂಗಳಲ್ಲ.”

ಐದಕ್ಕೆ ಕುದುರಿತು. ಸಂತೆಯಲ್ಲಿ ಹತ್ತು ಹೇಳಿ ಐದಕ್ಕೆ ಇಳಿಯುವುದು ಮರ್ಯಾದೆಯ ವ್ಯವಹಾರ. ಅಳತೆಯನ್ನು ಕಣ್ಣಾರೆ ಕಂಡು ಬಂದಿದ್ದರೂ ಅದೇ ರೂಢಿಯಲ್ಲಿ ಒಪ್ಪಿಬಿಟ್ಟೆ. ಭೀಮಣ್ಣ ಒಂದೇ ಮಾತು ಕೇಳಿದ: “ನೀವಿಬ್ರೂ ಮಾತಾಡ್ಕೊಂಡ್ರಿ. ಹಳ್ಳಕ್ಕ ಕೇಳಿದ್ರೇನು?”

ಪೊದೆ ಸವರಲಿಲ್ಲ. ತೆರವಿದ್ದ ಕಡೆ ನೀರುಕಣಗಿಲೆ, ಲಕ್ಕಿಯ ಕಡ್ಡಿ ನೆಟ್ಟೆ. ಐದು ಹೆಜ್ಜೆ ಅಲ್ಲಿಗೇ ಮುಗಿಯಿತು. ಆಳಕ್ಕೆ ಬೇರು ಬಿಡುವ ಹೊಳೆಮತ್ತಿಗೆ, ಹುಲಗಲಕ್ಕೆ ಜಾಗವಿಲ್ಲ. ಹೊಲದ ಮೇಲಿನ ಮೂಲೆಯಲ್ಲಿ ಕಲ್ಲುನೆಲವೆಂದು ಅವಳು ಹತ್ತು ಹೆಜ್ಜೆ ಬಿಟ್ಟಿದ್ದಳು. ಅಲ್ಲಿ ಮಾತ್ರ ನಾಲ್ಕೂ ಬಗೆಯನ್ನು ಸಾಲಾಗಿ ಹಚ್ಚಿದೆ.

ಮೂರನೇ ಮಳೆಗಾಲ ಹಳ್ಳ ಎರಡು ದಿನ ತುಂಬಿ ಹರಿಯಿತು. ನೀರಿಳಿದಾಗ ಹೋಗಿ ನೋಡಿದೆ. ಪೊದೆಗಳು ಅಲ್ಲಲ್ಲಿ ಬಾಗಿ ಮತ್ತೆ ತಲೆ ಎತ್ತಿದ್ದವು. ಅವುಗಳ ಹಿಂದಿನ ಮಣ್ಣು, ಹಿಡಿಯುವ ಬೇರಿಲ್ಲದೆ, ಕುಸಿದು ಬದನೆಯ ನಾಲ್ಕು ಸಾಲುಗಳ ಸಮೇತ ಹೋಗಿತ್ತು. ನಾಲ್ಕೂ ಬಗೆಯ ಬೇರು ಹಿಡಿದಿದ್ದ ಕಲ್ಲುನೆಲದ ಮೂಲೆ ಮಾತ್ರ ಅಲುಗಿರಲಿಲ್ಲ.

“ತಪ್ಪು ನಂದ ಅಕ್ಕಾ. ಗೊತ್ತಿದ್ದೂ ಇಳದೆ.”

“ಇಳಿಸಿದಾಕಿ ನಾನು,” ಎಂದಳು, ಕುಸಿದ ಕಡೆ ನೋಡುತ್ತ.

ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ಸಲಹೆ ಇಷ್ಟೆ: ಸಸಿಯ ದರ, ಕೂಲಿ, ಗಾಡಿ ಬಾಡಿಗೆ, ಎಲ್ಲದರಲ್ಲೂ ಎಳೆದಾಡಿ, ನಾನೂ ಬಿಡುವವನಲ್ಲ. ನೀರಿಗೆ ಬೇಕಾದ ಅಗಲದಲ್ಲಿ ಮಾತ್ರ ಒಂದು ಹೆಜ್ಜೆಯೂ ಇಳಿಯಬೇಡಿ. ಗಿರಾಕಿ ಒಪ್ಪದಿದ್ದರೆ ಚಹಾ ಕುಡಿದು ಎದ್ದು ಬನ್ನಿ.

ಅವತ್ತು ಮಲ್ಲಮ್ಮ ಸೀರೆ ಎತ್ತಿ ಕಟ್ಟಿ, ಹೊಸ ಅಂಚಿನಿಂದ ತಾನೇ ಹೆಜ್ಜೆ ಹಾಕತೊಡಗಿದಳು. ನಾನು ಎಣಿಸುತ್ತಿದ್ದೆ. ಹತ್ತಕ್ಕೆ ನಿಲ್ಲಲಿಲ್ಲ. ಹನ್ನೊಂದಕ್ಕೆ ಗೂಟ ಊರಿದಳು.

“ಒಂದು ಹೆಚ್ಚಾತಲ್ಲ?” ಎಂದೆ.

“ತೂಗಿದ ಮ್ಯಾಲ ಗಿರಾಕಿಗೆ ಒಂದು ಕಾಯಿ ಹಾಕಂಗಿಲ್ಲೇನು? ಇದು ಹಳ್ಳಕ್ಕ ಕೊಸರು.”